ಮನೆಯ ಸಲುಗೆ, ವ್ಯಾಪಾರದ ಕಟ್ಟಳೆ

ರಾಯಚೂರು ತಾಲ್ಲೂಕಿನ ಯಾಪಲದಿನ್ನಿ ಹೋಬಳಿಯ ಯಾವ ಊರಿಗೆ ಹೋದರೂ ಹೆಣ್ಣುಮಕ್ಕಳ ಕೈಯಲ್ಲಿ ಕಸುಬಿಲ್ಲದ ಮನೆ ಸಿಗುವುದು ಅಪರೂಪ. ಒಬ್ಬಾಕೆ ಬಡಿದ ಕಟಕ ರೊಟ್ಟಿ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಇನ್ನೊಬ್ಬಾಕೆ ಕುಟ್ಟಿದ ಶೇಂಗಾ ಚಟ್ನಿಪುಡಿ, ಬೆಂಗಳೂರಿಗೆ ದುಡಿಯಲು ಹೊರಟ ಮಕ್ಕಳ ಚೀಲದಲ್ಲಿ ತಪ್ಪದೇ ಇರುತ್ತದೆ. ಮತ್ತೊಬ್ಬಾಕೆಯ ಮನೆಗೆ ಪಕ್ಕದ ಊರಿನವರು ಹಳೆ ಸೀರೆ ಹೊತ್ತು ತಂದು, ಕೌದಿ ಹೊಲಿದುಕೊಡು ಎಂದು ಬೇಡುತ್ತಾರೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಜೋಳ, ಶೇಂಗಾ, ತೊಗರಿ, ಒಣಮೆಣಸಿನಕಾಯಿ ಎಲ್ಲವೂ ಕೈಗೆಟುಕುವಲ್ಲೇ ಬೆಳೆಯುತ್ತವೆ. ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಹಪ್ಪಳ, ಸಂಡಿಗೆ ಒಣಗಿಸಲು ಯಂತ್ರವೂ ಬೇಕಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಯಚೂರು ಪೇಟೆಗೆ ಹೋಗಿಬರುವ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಹೊರೆಯೂ ತಪ್ಪಿದೆ.

ಸರಕು ಇದೆ, ಕೈಚಳಕ ಇದೆ, ದಾರಿಯೂ ಇದೆ. ಆದರೂ ಮನೆಯ ಕಸುಬು ಮನೆ ನಡೆಸುವ ವ್ಯಾಪಾರವಾಗಿ ನಿಲ್ಲುವುದು ಕೆಲವೇ ಕಡೆ. ಬಂಡವಾಳ ಇಲ್ಲ, ಮಾರುಕಟ್ಟೆ ಇಲ್ಲ ಎಂಬ ಎರಡು ಉತ್ತರ ಎಲ್ಲರ ಬಾಯಲ್ಲೂ ಇವೆ. ಎರಡೂ ಸುಳ್ಳಲ್ಲ. ಆದರೆ ಬಂಡವಾಳ ಸಿಕ್ಕ ಮೇಲೂ, ಗಿರಾಕಿಗಳು ಬಾಗಿಲಿಗೆ ಬಂದ ಮೇಲೂ ಎರಡನೇ ವರ್ಷಕ್ಕೆ ಮುಚ್ಚಿಹೋಗುವ ಕಸುಬುಗಳಿಗೆ ಈ ಉತ್ತರ ಸಾಲದು. ಅಲ್ಲಿ ಕೊರತೆಯಾಗಿರುವುದು ಮುಂದೆ ನಿಂತು ನಡೆಸುವ ಗುಣ.

ನಾಯಕತ್ವ ಎಂದ ಕೂಡಲೇ ವೇದಿಕೆ, ಮೈಕು, ಗಟ್ಟಿ ದನಿ ನೆನಪಾಗುತ್ತವೆ. ಅಡುಗೆಮನೆಯಲ್ಲಿ ಹುಟ್ಟಿದ ವ್ಯಾಪಾರಕ್ಕೆ ಅದಾವುದೂ ಉಪಯೋಗಕ್ಕೆ ಬಾರದು. ಇಲ್ಲಿ ಕೆಲಸ ಮಾಡುವವರು ನೆಗೆಣ್ಣಿ, ಅತ್ತೆ, ತಂಗಿ, ಬಾಜೂಮನೆಯ ಅಕ್ಕ. ಅವರಿಗೆ ಹುಕುಂ ಮಾಡಲು ಬರುವುದಿಲ್ಲ, ತಪ್ಪು ಮಾಡಿದರೆ ಕೆಲಸದಿಂದ ತೆಗೆಯಲೂ ಬರುವುದಿಲ್ಲ. ಗಿರಾಕಿಯೂ ಬೀಗರ ಪೈಕಿಯವರೇ ಆಗಿರುತ್ತಾರೆ. ಮನೆ ನಡೆಯುವುದು ಸಲುಗೆಯಿಂದ. ಯಾರು ಎಷ್ಟು ದುಡಿದರು, ಯಾರು ಎಷ್ಟು ಉಂಡರು ಎಂದು ಅಲ್ಲಿ ಯಾರೂ ಬರೆದಿಡುವುದಿಲ್ಲ, ಬರೆದಿಡಬಾರದು ಕೂಡ. ವ್ಯಾಪಾರ ಹಾಗೆ ನಡೆದರೆ ಉಳಿಯದು. ಆದ್ದರಿಂದ ಮನೆಯ ಕಸುಬನ್ನು ಮುನ್ನಡೆಸುವವಳಿಗೆ ಬೇಕಾದ ಮೊದಲ ಗುಣ ಇದು: ಸಂಬಂಧ ಕೆಡದಂತೆ ಒಂದು ಕಟ್ಟಳೆ ಹಾಕುವುದು, ಹಾಕಿದ ಕಟ್ಟಳೆಗೆ ಎಲ್ಲರಿಗಿಂತ ಮೊದಲು ತಾನೇ ತಲೆಬಾಗುವುದು. ಉಳಿದ ಗುಣಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಎಂಬತ್ತು ರೂಪಾಯಿ ಸಾಲದ ಹಪ್ಪಳ

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು ತಾವಿದ್ದ ವಠಾರದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಬಂಡವಾಳ 80 ರೂಪಾಯಿ. ಅದೂ ಛಗನ್‌ಲಾಲ್ ಕರಮ್‌ಸಿ ಪಾರೇಖ್ ಎಂಬ ಸಮಾಜಸೇವಕರಿಂದ ತಂದ ಸಾಲ. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣ. ಅದೇ ಇಂದಿನ ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಜಮನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಈಗ ದೇಶದ ಹಲವು ಕಡೆ ನಲವತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಆ ಸಂಸ್ಥೆಯ ಸದಸ್ಯರು, ಅಂದರೆ ಮಾಲೀಕರು.

ಈ ಕಥೆಯನ್ನು ಬಡತನದಿಂದ ಸಿರಿತನಕ್ಕೆ ಏರಿದ ಕಥೆಯೆಂದು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಆರಂಭದ ದಿನಗಳಲ್ಲೇ ಅವರು ಹಾಕಿಕೊಂಡ ಕಟ್ಟಳೆಗಳು. ಲುಕ್ಸಾನಾದರೂ ಯಾರ ಮುಂದೆಯೂ ದೇಣಿಗೆಗೆ ಕೈಚಾಚಬಾರದು ಎಂಬುದು ಒಂದು. ಮೊದಮೊದಲು ಅವರು ಉತ್ತಮ ದರ್ಜೆಯದೊಂದು, ಕಡಿಮೆ ಬೆಲೆಯದೊಂದು ಹೀಗೆ ಎರಡು ಬಗೆಯ ಹಪ್ಪಳ ಮಾಡುತ್ತಿದ್ದರು. ಗುಣದಲ್ಲಿ ರಾಜಿ ಬೇಡ, ಒಂದೇ ದರ್ಜೆ ಇರಲಿ, ಲೆಕ್ಕ ಸರಿಯಾಗಿಡಿ ಎಂದು ಪಾರೇಖ್ ಹೇಳಿದ್ದನ್ನು ಒಪ್ಪಿಕೊಂಡರು. ಕೆಲಸದ ರೀತಿಯೂ ಕಟ್ಟಳೆಯೇ. ಬೆಳಿಗ್ಗೆ ಶಾಖೆಯಿಂದ ಕಲಸಿದ ಹಿಟ್ಟನ್ನು ತೂಕ ಮಾಡಿಸಿ ಒಯ್ಯಬೇಕು, ಮನೆಯಲ್ಲಿ ಲಟ್ಟಿಸಿ ಒಣಗಿಸಿ ಮರುದಿನ ತಂದೊಪ್ಪಿಸಬೇಕು, ಆಗಲೇ ಕೂಲಿ ಎಣಿಸಿಕೊಳ್ಳಬೇಕು. ಲಟ್ಟಿಸುವುದು ಸಾವಿರಾರು ಮನೆಗಳಲ್ಲಿ. ಹಿಟ್ಟು ಹದವಾಗುವುದು ಮಾತ್ರ ಒಂದೇ ಕಡೆ. ರುಚಿ ಬದಲಾಗದಿರುವ ಗುಟ್ಟು ಅದು. ನಂಬಿಕೆಯನ್ನು ಅವರು ಮಾತಿಗೆ ಬಿಡಲಿಲ್ಲ, ತಕ್ಕಡಿಗೆ ಒಪ್ಪಿಸಿದರು.

ಮೊದಲ ವರ್ಷ ಮಳೆಗಾಲದ ನಾಲ್ಕು ತಿಂಗಳು ಹಪ್ಪಳ ಒಣಗದೆ ಕೆಲಸ ನಿಂತುಹೋಯಿತು. ಎರಡನೇ ವರ್ಷ ಒಂದು ಮಂಚ, ಒಂದು ಸ್ಟೌ ತಂದರು. ಮಂಚದ ಮೇಲೆ ಹಪ್ಪಳ ಹರಡಿ ಕೆಳಗೆ ಸ್ಟೌ ಹಚ್ಚಿದರು. ಕೆಲಸ ಯಾವಾಗ, ಯಾಕೆ ನಿಲ್ಲುತ್ತದೆ ಎಂಬುದನ್ನು ಮೊದಲೇ ಕಂಡುಕೊಳ್ಳುವುದು ಮುಂದಾಳಿನ ಎರಡನೇ ಗುಣ.

ರಾಯಚೂರು ಸೀಮೆಯಲ್ಲಿ ಕೆಲಸ ನಿಲ್ಲಿಸುವುದು ಮಳೆಗಿಂತ ಹೆಚ್ಚಾಗಿ ಹೊಲ. ಭತ್ತದ ನಾಟಿ ಬಂದರೆ ಅರ್ಧ ಊರು ಗದ್ದೆಯಲ್ಲಿರುತ್ತದೆ. ದಸರಾ ಕಳೆದು ಹತ್ತಿ ಬಿಡಿಸುವ ಕಾಲ ಶುರುವಾದರೆ ರೊಟ್ಟಿ ಬಡಿಯುವ ಕೈಗಳೆಲ್ಲ ಹತ್ತಿ ಹೊಲಕ್ಕೆ ಹೋಗುತ್ತವೆ, ಯಾಕೆಂದರೆ ಅಲ್ಲಿ ಕೂಲಿ ನಗದು. ಆಗ ಪೇಟೆಯ ಖಾನಾವಳಿಯವನು ಎರಡು ದಿನ ಕಾಯುತ್ತಾನೆ, ಮೂರನೇ ದಿನ ಬೇರೆಯವರ ಹತ್ತಿರ ಕೊಳ್ಳುತ್ತಾನೆ. ಒಮ್ಮೆ ಹೋದ ಗಿರಾಕಿ ಸಂಕ್ರಾಂತಿ ಮುಗಿದ ಮೇಲೆ ಕರೆದರೆ ಬರುವುದಿಲ್ಲ. ವರ್ಷದ ಈ ಲೆಕ್ಕ ತಿಳಿದವಳು ಬೇಸಿಗೆಯಲ್ಲೇ ಸಂಡಿಗೆ, ಹಪ್ಪಳ ಡಬ್ಬಿ ತುಂಬಿಸಿಡುತ್ತಾಳೆ. ಖಾರದಪುಡಿಗೆ ಬೇಕಾದ ಮೆಣಸಿನಕಾಯಿಯನ್ನು ಸುಗ್ಗಿಯ ದರದಲ್ಲಿ ಕೊಂಡು ಒಣಗಿಸಿಡುತ್ತಾಳೆ. ಹತ್ತಿಯ ಕಾಲಕ್ಕೆ ಹೊಲದ ಕೆಲಸ ಆಗದ ಹಿರಿಯರಿಗೆ ಪೊಟ್ಟಣ ಕಟ್ಟುವ, ತೂಕ ಹಾಕುವ ಹಗುರ ಕೆಲಸ ಉಳಿಸಿಕೊಂಡು ದಿನಕ್ಕೆ ಇಷ್ಟೇ ಎಂದು ಗಿರಾಕಿಗೆ ಮೊದಲೇ ಹೇಳಿರುತ್ತಾಳೆ. ಕಡಿಮೆ ಕೊಟ್ಟರೂ ನಿಲ್ಲಿಸದೆ ಕೊಡುವವಳನ್ನು ಪೇಟೆ ನಂಬುತ್ತದೆ.

ಉಳಿದದ್ದೆಲ್ಲ ಲಾಭವಲ್ಲ

ಲೆಕ್ಕದ ಮಾತಿಗೆ ಬರೋಣ. ಒಂದು ಉದಾಹರಣೆ ಇಟ್ಟುಕೊಳ್ಳಿ. ನೂರು ರೊಟ್ಟಿಗೆ ಹಿಟ್ಟು, ಗ್ಯಾಸು, ಪೊಟ್ಟಣ, ಪೇಟೆಯೊಳಗಿನ ಆಟೊ ಎಲ್ಲ ಸೇರಿ ಲಾಗೋಡಿ 450 ರೂಪಾಯಿ. ರೊಟ್ಟಿಗೆ 8 ರೂಪಾಯಿಯಂತೆ ಮಾರಿದರೆ 800. ಕೈಗೆ ಉಳಿದದ್ದು 350. ಲಾಭವಾಯಿತು ಎಂದು ಮನೆಯವರೆಲ್ಲ ಹಿಗ್ಗುತ್ತಾರೆ. ಆದರೆ ಇಬ್ಬರು ಹೆಣ್ಣುಮಕ್ಕಳು ಐದೈದು ತಾಸು, ಒಟ್ಟು ಹತ್ತು ತಾಸು ದುಡಿದಿದ್ದಾರೆ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿನ ದಿನವೆಂದರೆ ತಾಸಿಗೆ 46ರ ಮೇಲೆ; ಹತ್ತು ತಾಸಿಗೆ 462. ಅಂದರೆ ಈ ರೊಟ್ಟಿಯಲ್ಲಿ ಲಾಭವಿರಲಿ, ಪೂರ್ತಿ ಕೂಲಿಯೂ ಹುಟ್ಟಲಿಲ್ಲ. ಅದೇ ರೊಟ್ಟಿಯನ್ನು 10 ರೂಪಾಯಿಗೆ ಮಾರಿದರೆ ಲಾಗೋಡಿ, ಕೂಲಿ ಎರಡೂ ಕಳೆದು 88 ರೂಪಾಯಿ ಉಳಿಯುತ್ತದೆ. ಲಾಭ ಎನ್ನಬೇಕಾದದ್ದು ಆ 88 ರೂಪಾಯಿಗೆ ಮಾತ್ರ. ಹೊಸ ಹಂಚು, ದೊಡ್ಡ ತಕ್ಕಡಿ, ಕೆಟ್ಟ ದಿನದ ನಷ್ಟ ಎಲ್ಲಕ್ಕೂ ಅದೇ ಆಧಾರ.

ತನ್ನ ದುಡಿಮೆಗೆ ಬೆಲೆ ಕಟ್ಟದವಳು ಜೊತೆಯವಳ ದುಡಿಮೆಗೂ ನ್ಯಾಯವಾದ ಬೆಲೆ ಕಟ್ಟಲಾರಳು. ಮನೆಗೆಲಸಕ್ಕೆ ಕೂಲಿ ಕೇಳದ ರೂಢಿ ವ್ಯಾಪಾರಕ್ಕೂ ಅಂಟಿಕೊಂಡಿರುವುದರಿಂದ ಇದು ಅಷ್ಟು ಸುಲಭವಲ್ಲ. ಮನೆಯೊಳಗೆ ಕುಳಿತು ದುಡಿಯುವವರೂ ದುಡಿಯುವವರೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದವೊಂದನ್ನು ಅಂಗೀಕರಿಸಿದ್ದು 1996ರಲ್ಲಿ. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಕಟ್ಟಿದ ‘ಸೇವಾ’ ಎಂಬ ಮಹಿಳಾ ಸಂಘಟನೆ ಅದಕ್ಕಾಗಿ ವರ್ಷಗಟ್ಟಲೆ ದನಿಯೆತ್ತಿತ್ತು. ಜಗತ್ತೇ ಇಷ್ಟು ತಡವಾಗಿ ಒಪ್ಪಿದ್ದನ್ನು ನಮ್ಮ ಪಡಸಾಲೆ ತಾನಾಗಿ ಒಪ್ಪುವುದಿಲ್ಲ. ತಾಸುಗಳನ್ನು ಪುಸ್ತಕದಲ್ಲಿ ಬರೆದೇ ಒಪ್ಪಿಸಬೇಕು.

ಲೆಕ್ಕದ ಇನ್ನೊಂದು ಮುಖ, ದುಡ್ಡು ಹೋಗಿ ಸೇರುವ ಜಾಗ. ಈಗ ಸಂತೆಯಲ್ಲೂ ಗಿರಾಕಿ ಫೋನಿನಲ್ಲೇ ದುಡ್ಡು ಹಾಕುತ್ತಾನೆ. ರೊಟ್ಟಿ ಹೆಂಡತಿಯದು, ಬುಟ್ಟಿಗೆ ಅಂಟಿಸಿದ ಕ್ಯೂಆರ್ ಕೋಡ್ ಗಂಡನ ಖಾತೆಯದು ಎಂಬ ಮನೆಗಳು ಎಷ್ಟೋ ಇವೆ. ಅದರಲ್ಲಿ ಮೋಸವೇನೂ ಇರಬೇಕಿಲ್ಲ. ಆದರೆ ಸಂಜೆಗೆ ಬಂದದ್ದೆಷ್ಟು ಎಂದು ಇನ್ನೊಬ್ಬರನ್ನು ಕೇಳಿ ತಿಳಿಯುವವಳು ನಾಳೆ ಎಷ್ಟು ಜೋಳ ಕೊಳ್ಳಬೇಕೆಂದು ತಾನೇ ನಿರ್ಧರಿಸುವುದು ಹೇಗೆ? ವ್ಯಾಪಾರಕ್ಕೊಂದು ಬೇರೆ ಖಾತೆ, ಅದು ದುಡಿಯುವವಳ ಹೆಸರಿನಲ್ಲಿ. ಮನೆಖರ್ಚಿಗೆ ವಾರಕ್ಕೆ ಇಷ್ಟೇ ಎಂದು ಅದರಿಂದ ಎತ್ತುವುದು. ಹಬ್ಬಕ್ಕೆ, ಆಸ್ಪತ್ರೆಗೆ, ಮಗನ ಫೀಸಿಗೆ ಅದೇ ಡಬ್ಬಿಗೆ ಕೈಹಾಕುವ ಒತ್ತಡ ಬಂದೇ ಬರುತ್ತದೆ. ಎತ್ತಿದ್ದನ್ನು ಸಾಲವೆಂದು ಬರೆದು, ತಿರುಗಿ ತುಂಬಬಲ್ಲವಳು ಎರಡನೇ ವರ್ಷ ಕಾಣುತ್ತಾಳೆ.

ಸಾಲದ ವಿಷಯದಲ್ಲಿ ಬೇಕಾದ ಗುಣ ಬೇಡ ಎನ್ನುವ ಧೈರ್ಯ. ಮನೆಬಾಗಿಲಿಗೆ ಬಂದು ಕೊಡುವ ಕಿರುಸಾಲ ಹಳ್ಳಿಗಳಲ್ಲಿ ಎಂಥ ಕಿರುಕುಳಕ್ಕೆ ದಾರಿಯಾಯಿತೆಂದರೆ, ವಸೂಲಿಯ ಬಲವಂತ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಸಿಗುತ್ತದೆ ಎಂಬುದು ಸಾಲ ಮಾಡಲು ಕಾರಣವಾಗಬಾರದು. ಈ ದುಡ್ಡಿನಿಂದ ಕೊಳ್ಳುವ ವಸ್ತು ತನ್ನ ಕಂತನ್ನು ತಾನೇ ದುಡಿಯುತ್ತದೆಯೇ? ಹಿಟ್ಟಿನ ಗಿರಣಿ ದುಡಿಯಬಹುದು, ಮದುವೆಯ ಉಡುಗೊರೆ ದುಡಿಯದು.

ಉದ್ರಿಗೂ ಒಂದು ಮಾತು

ಹಳ್ಳಿಯ ವ್ಯಾಪಾರ ಹೆಚ್ಚಾಗಿ ಸಾಯುವುದು ಉದ್ರಿಯಿಂದ. "ಯಕ್ಕಾ, ಪಗಾರ ಬಂದ ಕೂಡ್ಲೇ ಕೊಡ್ತೀನಿ" ಎನ್ನುವವರು ಪರಕೀಯರಲ್ಲ, ಮಗಳ ಮದುವೆಯಲ್ಲಿ ಓಡಾಡಿದವರು. ಇಲ್ಲವೆಂದರೆ ಸಂಬಂಧ ಹೋಗುತ್ತದೆ, ಹೂಂ ಎಂದರೆ ಬಂಡವಾಳ ಹೋಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಉತ್ತರ ಕೊಡುವುದರಿಂದಲೇ ಮನಸ್ತಾಪ ಬೆಳೆಯುವುದು. ಕಟ್ಟಳೆ ಎಲ್ಲರಿಗೂ ಒಂದೇ ಆದರೆ ಮನಸ್ತಾಪಕ್ಕೆ ಜಾಗ ಕಡಿಮೆ. "ಉದ್ರಿ ನನ್ನ ಕೈಯಾಗಿಲ್ಲವ್ವ, ಸಂಘದಾಗ ಹಂಗ ಠರಾವ್ ಮಾಡೀವಿ, ನಮ್ಮ ತಂಗಿ ಒಯ್ದ್ರೂ ರೊಕ್ಕ ಕೊಟ್ಟೇ ಒಯ್ಯಬೇಕು" ಎಂದು ಹೇಳಬಲ್ಲವಳನ್ನು ಊರು ಎರಡು ದಿನ ಆಡಿಕೊಳ್ಳುತ್ತದೆ, ಮೂರನೇ ದಿನ ಗೌರವಿಸುತ್ತದೆ. ಆದರೆ ಆ ತಂಗಿ ನಿಜವಾಗಿಯೂ ರೊಕ್ಕ ಕೊಟ್ಟು ಒಯ್ಯುತ್ತಿರಬೇಕು. ಒಮ್ಮೆ ತಪ್ಪಿದರೂ ಮರುದಿನದಿಂದ ಆ ಮಾತಿಗೆ ಬೆಲೆ ಇರುವುದಿಲ್ಲ.

ರುಚಿಗೂ ಇದೇ ನ್ಯಾಯ. ಮನೆಯ ಅಡುಗೆಯಲ್ಲಿ ಒಂದು ದಿನ ಉಪ್ಪು ಹೆಚ್ಚಾದರೆ ನಕ್ಕು ಉಣ್ಣುತ್ತೇವೆ. ಕೊಂಡು ಉಣ್ಣುವವನಿಗೆ ಆ ಸಲುಗೆ ಇರುವುದಿಲ್ಲ. ಕೈಯಳತೆ, ಕಣ್ಣಳತೆಯಲ್ಲಿರುವ ಚಟ್ನಿಪುಡಿಯ ಹದವನ್ನು ಗ್ರಾಮಿನ ಲೆಕ್ಕಕ್ಕೆ ತಂದು ಬರೆಯುವುದು ದೊಡ್ಡ ಕೆಲಸ, ಮುಖ್ಯವಾಗಿ ಮನಸ್ಸಿಗೆ. ನನ್ನ ಕೈರುಚಿ ಇನ್ನೊಬ್ಬರಿಗೆ ಬಂದೀತೇ ಎಂಬ ಹೆಮ್ಮೆ ಅಡ್ಡ ಬರುತ್ತದೆ. ಆ ಹೆಮ್ಮೆಯನ್ನು ಬಿಡದವಳು ಒಳ್ಳೆಯ ಅಡುಗೆಯವಳಾಗಿ ಉಳಿಯುತ್ತಾಳೆ, ಮುಂದಾಳಾಗುವುದಿಲ್ಲ.

ನಮ್ಮದೇ ಭಾಗದ ಕಲಬುರಗಿಯಲ್ಲಿ ಇದು ನಡೆದಿದೆ. ಅಲ್ಲಿನ ಹೆಣ್ಣುಮಕ್ಕಳು ಸಹಕಾರ ಸಂಘ ಕಟ್ಟಿಕೊಂಡು ಜೋಳದ ರೊಟ್ಟಿಯನ್ನು ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ಮಾರುತ್ತಾರೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತವೆ ಎಂದು 2025ರ ಜೂನ್‌ನಲ್ಲಿ ಪ್ರಧಾನಿಯವರ ಮನದ ಮಾತು ಕಾರ್ಯಕ್ರಮದಲ್ಲಿ ಪ್ರಸ್ತಾಪವಾಯಿತು. ರೊಟ್ಟಿ ಹೊಸದಲ್ಲ; ಅಜ್ಜಿಯರ ಕಾಲದಿಂದಲೂ ಮನೆಮನೆಯಲ್ಲಿ ಬಡಿಯುತ್ತಿದ್ದದ್ದೇ. ಹೊಸದಾದದ್ದು ಬೇರೆಬೇರೆ ಕೈಗಳ ರೊಟ್ಟಿ ಒಂದೇ ಹೆಸರಿನಡಿ ನಿಲ್ಲಲು ಒಪ್ಪಿದ್ದು.

ಪೋತ್ನಾಳದ ಪಾಠ

ರಾಯಚೂರು ಜಿಲ್ಲೆಯೊಳಗೇ ಒಂದು ಹಳೆಯ ಪಾಠವಿದೆ. ಮಾನ್ವಿ ಸೀಮೆಯ ಪೋತ್ನಾಳದಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಜಾಗೃತ ಮಹಿಳಾ ಸಂಘಟನೆ ಹುಟ್ಟಿತು. ಸದಸ್ಯರು ದಲಿತ ಕೂಲಿಕಾರ ಹೆಣ್ಣುಮಕ್ಕಳು. ಅವರು ಮೊದಲು ಕಲಿತದ್ದು ಕೂಡಿ ಕುಳಿತು ಮಾತಾಡುವುದನ್ನು, ಕೂಲಿಗಾಗಿ, ಹಕ್ಕಿಗಾಗಿ ಕಚೇರಿಯ ಮುಂದೆ ನಿಲ್ಲುವುದನ್ನು. ಸುಟ್ಟ ಮಣ್ಣಿನ ಆಭರಣ, ಬೇವಿನ ಗೊಬ್ಬರ, ಗಿಡಮೂಲಿಕೆಯ ಔಷಧಗಳನ್ನು ತಯಾರಿಸುವ ಚಿಗುರು ಎಂಬ ಉದ್ಯಮ ಆ ಸಂಘಟನೆಯ ಬೇರಿನಿಂದಲೇ ಬಂತು. ಜಮೀನುದಾರರೊಂದಿಗೆ ಕೂಲಿಯ ಚೌಕಾಸಿ ಮಾಡಿ ಪಳಗಿದವರಿಗೆ ಪೇಟೆಯವರೊಂದಿಗೆ ಬೆಲೆಯ ಚೌಕಾಸಿ ಹೊಸ ವಿದ್ಯೆಯೇನಲ್ಲ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಗೃಹೋದ್ಯಮ ಎಂದರೆ ನಾವು ಕೂಡಲೇ ಉಪ್ಪಿನಕಾಯಿ, ಹಪ್ಪಳ ಎನ್ನುತ್ತೇವೆ. ಆದರೆ ಇದು ಯಾವ ಜಾತಿಯವರ ಮನೆಯ ಅಡುಗೆ ಎಂದು ಕೇಳಿಯೇ ಕೊಳ್ಳುವ ಊರುಗಳು ಇನ್ನೂ ಇವೆ. ಎಲ್ಲರಿಗೂ ತಿಂಡಿ ತಯಾರಿಕೆಯ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವವರು ಇದನ್ನು ಮರೆಯುತ್ತಾರೆ. ಯಾವ ವಸ್ತು, ಯಾವ ಗಿರಾಕಿ, ಎಷ್ಟು ದೂರದ ಪೇಟೆ ಎಂದು ಊರಿನ ಒಳಗುಟ್ಟು ತಿಳಿದು ಆರಿಸಬೇಕು. ಸಂಘದ ಒಳಗೆ ಯಾರ ಕೈಯ ಹಿಟ್ಟನ್ನೂ ಯಾರೂ ಹಳಿಯದಂತೆ ನಡೆಸುವುದು ತಕ್ಕಡಿ ಹಿಡಿಯುವುದಕ್ಕಿಂತ ಕಷ್ಟದ ಮುಂದಾಳ್ತನ.

ಸಂಘದ ಕಟ್ಟಳೆಗಳ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡಲ್ಲ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಲ್ಲಿ ಬೆಳೆಸಿದ ಸಣ್ಣ ಗುಂಪುಗಳ ಅನುಭವ, 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗ ಅದರ ಹಿಂದಿತ್ತು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ವಾರದ ಸಭೆ, ಉಳಿತಾಯ, ಠರಾವಿನ ಪುಸ್ತಕ, ಬ್ಯಾಂಕಿನಲ್ಲಿ ಪ್ರತಿನಿಧಿಗಳ ಸಹಿ ಎಲ್ಲವೂ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಸಾಲ ಹಂಚಿಕೊಳ್ಳಲು ಬಳಸಿದ ಅದೇ ಶಿಸ್ತನ್ನು ಸರಕು ತಯಾರಿಸಲು ಬಳಸುವುದು ಬಾಕಿ.

ಕೇಳಿ ತಿಳಿಯುವ ಗುಣ

ಗೊತ್ತಿಲ್ಲದ್ದನ್ನು ಕೇಳುವುದೂ ನಾಯಕತ್ವವೇ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ 2018ರಲ್ಲಿ ಆರಂಭವಾಯಿತು. ಸಿರಿಧಾನ್ಯದ ಬೀಜ ಕಾಪಾಡುವುದರಿಂದ ಹಿಡಿದು ಧಾನ್ಯ ಸಂಸ್ಕರಿಸಿ ಮಾರುವವರೆಗೆ ಬೆಳೆದ ಆ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸಹಜ ಸಮೃದ್ಧ ಸಂಸ್ಥೆಯಂಥ ತಿಳಿದವರ ನೆರವು ಅವರಿಗಿತ್ತು. ಅದನ್ನು ಪಡೆದೂ ಸಂಘವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡದ್ದು ಅವರ ಹೆಚ್ಚುಗಾರಿಕೆ.

ಯಾಪಲದಿನ್ನಿ, ದೇವದುರ್ಗ, ಮಾನ್ವಿಯವರಿಗೆ ಕೇಳಲು ದೂರ ಹೋಗಬೇಕಿಲ್ಲ. ರಾಯಚೂರಿನಲ್ಲೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಕಿರು ಆಹಾರ ಉದ್ಯಮಗಳಿಗಾಗಿ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ರಾಯಚೂರು ಜಿಲ್ಲೆಯ ಪಾಲಿಗೆ ಗುರುತಿಸಿದ ಉತ್ಪನ್ನ ಮೆಣಸಿನಕಾಯಿ. ಯಂತ್ರ, ಕಟ್ಟಡದ ವೆಚ್ಚಕ್ಕೆ ಕೇಂದ್ರದ ಶೇ 35, ರಾಜ್ಯದ ಶೇ 15 ಸೇರಿ ಶೇ 50ರವರೆಗೆ, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನಕ್ಕೆ ಅದು ದಾರಿ ಮಾಡಿತು. ಸ್ವಸಹಾಯ ಗುಂಪಿನ ಸದಸ್ಯೆಗೆ 40 ಸಾವಿರದವರೆಗೆ ಬೀಜ ಬಂಡವಾಳವನ್ನೂ ಇಟ್ಟಿತು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಪೇಟೆಯ ದೊಡ್ಡ ಅಂಗಡಿಯವರು ಮೊದಲು ನೋಡುವುದೂ ಅದನ್ನೇ. ಆದರೆ ಸಹಾಯಧನ ಸಿಗುತ್ತದೆಂದು ಯಂತ್ರ ತಂದು, ಆಮೇಲೆ ಗಿರಾಕಿ ಹುಡುಕುವ ತಪ್ಪು ಮಾಡಬಾರದು. ಖಾಯಂ ಗಿರಾಕಿ ಇದ್ದು, ಕೈಗಳು ಸಾಲದಾದಾಗ ಯಂತ್ರಕ್ಕೆ ಕೆಲಸವಿರುತ್ತದೆ. ಅದಕ್ಕೂ ಮೊದಲು ಬಂದ ಯಂತ್ರಕ್ಕೆ ಹೊದಿಸಲು ಒಂದು ಪ್ಲಾಸ್ಟಿಕ್ ಹಾಳೆ ಮಾತ್ರ ಸಾಕಾಗುತ್ತದೆ.

ಕೊನೆಯ ಪರೀಕ್ಷೆ ಸರಳ. ಮುಂದಾಳು ಎಂಟು ದಿನ ತವರಿಗೆ ಹೋದರೆ, ಇಲ್ಲವೇ ಜ್ವರ ಬಂದು ಮಲಗಿದರೆ ವ್ಯಾಪಾರ ಏನಾಗುತ್ತದೆ? ಹದ ಬರೆದಿಟ್ಟಿದ್ದರೆ ರುಚಿ ಕೆಡುವುದಿಲ್ಲ. ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿದ್ದರೆ ಕೂಲಿ ತಡವಾಗುವುದಿಲ್ಲ. ಖಾನಾವಳಿಯವನ ಫೋನ್ ನಂಬರ್ ಇಬ್ಬರ ಹತ್ತಿರ ಇದ್ದರೆ ರೊಟ್ಟಿ ತಲುಪುತ್ತದೆ. ಇದನ್ನೆಲ್ಲ ತನ್ನೊಬ್ಬಳ ಮುಷ್ಟಿಯಲ್ಲೇ ಇಟ್ಟುಕೊಂಡವಳಿಗೆ ಊರಲ್ಲಿ ಹೆಸರಿರಬಹುದು, "ಆಕೀ ಇಲ್ಲಂದ್ರ ಏನೂ ನಡ್ಯಂಗಿಲ್ಲ" ಎಂಬ ಹೊಗಳಿಕೆಯೂ ಸಿಗಬಹುದು. ವ್ಯಾಪಾರದ ಮಟ್ಟಿಗೆ ಅದು ಹೊಗಳಿಕೆಯಲ್ಲ, ದೂರು. ತಾನು ಹಾಕಿದ ಕಟ್ಟಳೆ ತನ್ನ ಗೈರುಹಾಜರಿಯಲ್ಲೂ ನಡೆಯುವಂತೆ ಮಾಡಿದವಳು ಒಂದು ಕಸುಬನ್ನು ನಾಲ್ಕು ಮನೆಗೆ ಅನ್ನ ಕೊಡುವ ಉದ್ಯಮ ಮಾಡಿರುತ್ತಾಳೆ. ಆಕೆಯ ಮಗಳೋ ಸೊಸೆಯೋ ಬೇರೆ ದಾರಿ ಹಿಡಿದರೂ ಆ ನಾಲ್ಕು ಮನೆಗಳಲ್ಲಿ ಒಬ್ಬಾಕೆ ಎದ್ದು ಅದನ್ನು ಮುಂದೆ ನಡೆಸಬಲ್ಲಳು.